ಸರ್ವರ್ ಬಿದ್ದರೆ ಫೋನ್ ಕೂಗಬೇಕು: ಹಂತ ಹಂತವಾಗಿ ಮಾಡಿಕೊಳ್ಳುವುದು ಹೇಗೆ

ಸ್ವಂತ ಸರ್ವರ್ ಇಟ್ಟುಕೊಂಡವರು ನನ್ನನ್ನು ಪದೇ ಪದೇ ಕೇಳುವುದು ಒಂದೇ ಪ್ರಶ್ನೆ. ‘ಸರ್ವಿಸ್ ಬಿದ್ದು ಎರಡು ದಿನ ಆಗಿತ್ತು, ನನಗೆ ಗೊತ್ತೇ ಆಗಲಿಲ್ಲ. ಬಿದ್ದ ಕೂಡಲೇ ಫೋನಿಗೆ ಸುದ್ದಿ ಬರುವ ಹಾಗೆ ಮಾಡೋದು ಹೇಗೆ?’ ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಉತ್ತರ ಕೊಟ್ಟಿದ್ದೆ. ಈಗ ಎಲ್ಲವನ್ನೂ ಒಂದೇ ಕಡೆ ಬರೆಯುತ್ತಿದ್ದೇನೆ.

ಶುರು ಮಾಡುವ ಮೊದಲು ಒಂದು ವಿಷಯ ತಿಳಿದುಕೊಳ್ಳಿ, ಮುಂದಿನ ಎಲ್ಲ ಹಂತಗಳೂ ಇದರ ಮೇಲೆಯೇ ನಿಂತಿವೆ. ಹೆಚ್ಚಿನವರು ಸರ್ವರ್ ಒಳಗೇ ಒಂದು ಕಾವಲು ಪ್ರೋಗ್ರಾಂ ಹಾಕಿ ಕೆಲಸ ಮುಗಿಯಿತು ಅಂದುಕೊಳ್ಳುತ್ತಾರೆ. ಒಂದು ಆ್ಯಪ್ ಬಿದ್ದರೆ ಅದು ಸರಿಯಾಗಿಯೇ ಹೇಳುತ್ತದೆ. ಆದರೆ ಕರೆಂಟ್ ಹೋದರೆ? ಇಂಟರ್ನೆಟ್ ಕಡಿದರೆ? ಸರ್ವರ್ ಪೂರ್ತಿ ಹೆಪ್ಪುಗಟ್ಟಿ ನಿಂತರೆ? ಕಾವಲುಗಾರನೂ ಅದರ ಜೊತೆಗೇ ಬಿದ್ದಿರುತ್ತಾನೆ. ಫೋನ್ ಸುಮ್ಮನಿರುತ್ತದೆ. ನೀವು ಆ ಮೌನವನ್ನು ‘ಎಲ್ಲ ಚೆನ್ನಾಗಿದೆ’ ಅಂತ ಓದಿಕೊಳ್ಳುತ್ತೀರಿ. ಹಾಗಾಗಿ ನಮ್ಮ ಕೆಲಸ ಎರಡು: ತೊಂದರೆ ಬಂದರೆ ಸುದ್ದಿ ಬರಬೇಕು, ಸರ್ವರ್ ಮೌನವಾದರೂ ಸುದ್ದಿ ಬರಬೇಕು.

ಏನೇನು ಬೇಕು

ದಿನದ 24 ಗಂಟೆಯೂ ಓಡುವ ನಿಮ್ಮ ಸರ್ವರ್, ಅದರಲ್ಲಿ ಡಾಕರ್, ಒಂದು ಫೋನ್, ಮತ್ತು ಎರಡು ಗಂಟೆ ಬಿಡುವು. ಡಾಕರ್ ಅಂದರೆ ಪ್ರತಿಯೊಂದು ಪ್ರೋಗ್ರಾಮನ್ನೂ ಅದರದೇ ಪುಟ್ಟ ಡಬ್ಬಿಯೊಳಗೆ ಓಡಿಸುವ ವ್ಯವಸ್ಥೆ. ಆ ಡಬ್ಬಿಗೆ ಕಂಟೇನರ್ ಅನ್ನುತ್ತಾರೆ.

ನಾವು ಬಳಸುವುದು ಮೂರು ಸಲಕರಣೆ. ನೋಡುವ ಕೆಲಸಕ್ಕೆ ಅಪ್‌ಟೈಮ್ ಕುಮಾ. ಸುದ್ದಿ ಫೋನಿಗೆ ತಲುಪಿಸಲು ನೋಟಿಫೈ. ಇದರ ಹೆಸರನ್ನು ಎನ್, ಟಿ, ಎಫ್, ವೈ ಎಂಬ ನಾಲ್ಕೇ ಅಕ್ಷರಗಳಲ್ಲಿ ಬರೆಯುತ್ತಾರೆ, ಹುಡುಕುವಾಗ ನೆನಪಿರಲಿ. ಕಾವಲುಗಾರನನ್ನೇ ಹೊರಗಿನಿಂದ ಕಾಯಲು ಹೆಲ್ತ್‌ಚೆಕ್ಸ್. ಮೂರೂ ಓಪನ್ ಸೋರ್ಸ್. ಬೇರೆ ಸಲಕರಣೆಗಳೂ ಇವೆ, ಆದರೆ ಮೊದಲ ಸಲ ಮಾಡುವವರಿಗೆ ನಾನು ಹೇಳುವುದು ಈ ಜೋಡಣೆಯನ್ನೇ.

ಹಂತ 1: ಯಾವುದು ಬಿದ್ದರೆ ಏಳಬೇಕು, ಮೊದಲು ಪಟ್ಟಿ ಮಾಡಿ

ಕಂಪ್ಯೂಟರ್ ಮುಟ್ಟುವ ಮೊದಲು ಒಂದು ಕಾಗದ ತಗೊಳ್ಳಿ. ನಿಮ್ಮ ಸರ್ವಿಸ್‌ಗಳನ್ನೆಲ್ಲ ಬರೆದು, ಪ್ರತಿಯೊಂದರ ಮುಂದೆ ಒಂದು ಗುರುತು ಹಾಕಿ: ‘ರಾತ್ರಿ ಎಬ್ಬಿಸು’, ‘ಬೆಳಿಗ್ಗೆ ಹೇಳು’, ‘ಹೇಳಬೇಡ’. ಪಾಸ್‌ವರ್ಡ್ ಮ್ಯಾನೇಜರ್, ಮನೆಯವರೆಲ್ಲ ಬಳಸುವ ಡಿಎನ್‌ಎಸ್ (ಹೆಸರನ್ನು ಐಪಿ ವಿಳಾಸವಾಗಿ ಬದಲಿಸುವ ಸೇವೆ), ಇಂಥವು ಮೊದಲ ಗುಂಪಿಗೆ ಸೇರಬಹುದು. ಸಿನಿಮಾ ನೋಡುವ ಸರ್ವರ್ ಬೆಳಿಗ್ಗೆವರೆಗೆ ಕಾಯಬಹುದು, ಅಲ್ವಾ?

ಇದನ್ನು ಬಿಟ್ಟು ಎಲ್ಲದಕ್ಕೂ ಒಂದೇ ಗಂಟೆ ಕಟ್ಟಿದರೆ ‘ತೋಳ ಬಂತು ತೋಳ’ ಕತೆಯೇ ಆಗುತ್ತದೆ. ಎರಡು ವಾರದಲ್ಲಿ ನೀವೇ ನೋಟಿಫಿಕೇಶನ್ ಮ್ಯೂಟ್ ಮಾಡಿರುತ್ತೀರಿ. ನಿಜವಾದ ತೋಳ ಬರುವುದು ಆಮೇಲೆ.

ಹಂತ 2: ಫೋನಿಗೆ ದಾರಿ ಮಾಡಿ

ಕಾವಲು ಹಾಕುವ ಮೊದಲೇ ಸುದ್ದಿ ಬರುವ ದಾರಿ ಗಟ್ಟಿಯಾಗಿರಬೇಕು. ಫೋನಿನಲ್ಲಿ ನೋಟಿಫೈ ಆ್ಯಪ್ ಹಾಕಿಕೊಳ್ಳಿ. ಆಂಡ್ರಾಯ್ಡ್‌ಗೂ ಐಫೋನ್‌ಗೂ ಸಿಗುತ್ತದೆ. ಇದು ಕೆಲಸ ಮಾಡುವುದು ‘ಟಾಪಿಕ್’ ಎಂಬ ಲೆಕ್ಕದಲ್ಲಿ. ಟಾಪಿಕ್ ಅಂದರೆ ಒಂದು ಹೆಸರಿನ ವಾಹಿನಿ ಅಂದುಕೊಳ್ಳಿ. ಸರ್ವರ್ ಆ ಹೆಸರಿಗೆ ಸಂದೇಶ ಕಳಿಸುತ್ತದೆ, ಆ ಹೆಸರಿಗೆ ಕಿವಿಗೊಟ್ಟ ಫೋನಿಗೆ ಅದು ಬಂದು ಬೀಳುತ್ತದೆ.

ಇಲ್ಲಿ ಎಚ್ಚರ. ನೋಟಿಫೈಯ ಸಾರ್ವಜನಿಕ ಸರ್ವರ್‌ನಲ್ಲಿ ಉಚಿತವಾಗಿ ಬಳಸುವ ಟಾಪಿಕ್‌ಗೆ ಬೇರೆ ಬೀಗ ಇಲ್ಲ. ಹೆಸರು ಗೊತ್ತಿದ್ದವರು ಯಾರೇ ಆದರೂ ಓದಬಹುದು, ಬರೆಯಲೂಬಹುದು. ಅಂದರೆ ಹೆಸರೇ ಪಾಸ್‌ವರ್ಡ್. ‘ಸರ್ವರ್’, ‘ಅಲರ್ಟ್’ ಅಂತ ಇಟ್ಟರೆ ಇನ್ಯಾರದೋ ಸಂದೇಶಗಳು ನಿಮಗೆ ಬರುತ್ತವೆ, ನಿಮ್ಮದು ಅವರಿಗೆ ಹೋಗುತ್ತದೆ. ಹೆಸರಿನಲ್ಲಿ 64 ಅಕ್ಷರಗಳವರೆಗೆ ಇರಬಹುದು. ಇಂಗ್ಲಿಷ್ ಅಕ್ಷರ, ಅಂಕಿ, ಅಡ್ಡಗೆರೆ, ಕೆಳಗೆರೆ ನಡೆಯುತ್ತವೆ. ಪಾಸ್‌ವರ್ಡ್ ಮ್ಯಾನೇಜರ್‌ನಿಂದ 25-30 ಅಕ್ಷರದ ಗೊಂದಲದ ಹೆಸರು ಮಾಡಿಸಿ ಹಾಕಿ. ಸಂದೇಶದೊಳಗೆ ಪಾಸ್‌ವರ್ಡ್, ಟೋಕನ್ (ಪ್ರೋಗ್ರಾಂಗಳು ಪಾಸ್‌ವರ್ಡ್ ಥರ ಬಳಸುವ ಗುಟ್ಟಿನ ಸಾಲು) ಯಾವುದನ್ನೂ ಬರೆಯಬೇಡಿ.

ಎರಡು ಟಾಪಿಕ್ ಮಾಡಿಕೊಳ್ಳಿ: ಒಂದು ‘ಎಬ್ಬಿಸು’ ಗುಂಪಿಗೆ, ಇನ್ನೊಂದು ‘ಬೆಳಿಗ್ಗೆ ಹೇಳು’ ಗುಂಪಿಗೆ. ಮುಂದೆ ಇದರಿಂದ ತುಂಬ ಅನುಕೂಲ ಆಗುತ್ತದೆ.

‘ನೋಟಿಫೈಯನ್ನೂ ನನ್ನ ಸರ್ವರ್‌ನಲ್ಲೇ ಓಡಿಸಬಹುದಲ್ಲ?’ ಅಂತ ಬಹಳ ಜನ ಕೇಳುತ್ತಾರೆ. ಓಡಿಸಬಹುದು. ಆದರೆ ಅದೇ ಯಂತ್ರದಲ್ಲಿ, ಅದೇ ರಿವರ್ಸ್ ಪ್ರಾಕ್ಸಿಯ ಹಿಂದೆ ಇಡಬೇಡಿ. ರಿವರ್ಸ್ ಪ್ರಾಕ್ಸಿ ಅಂದರೆ ಹೊರಗಿನಿಂದ ಬಂದವರನ್ನು ಸರಿಯಾದ ಆ್ಯಪ್‌ಗೆ ಕಳಿಸುವ ಮುಂಬಾಗಿಲು. ಆ ಬಾಗಿಲೇ ಮುರಿದರೆ ಸುದ್ದಿ ಹೊರಗೆ ಹೋಗಲು ದಾರಿಯೇ ಇರುವುದಿಲ್ಲ. ಇನ್ನೊಂದು ತೊಡಕೂ ಇದೆ. ಸ್ವಂತ ನೋಟಿಫೈ ಸರ್ವರ್‌ನಿಂದ ಐಫೋನ್‌ಗೆ ಕೂಡಲೇ ಸಂದೇಶ ಬರಬೇಕಾದರೆ ಅದರ ಸೆಟ್ಟಿಂಗ್‌ನಲ್ಲಿ ‘ಅಪ್‌ಸ್ಟ್ರೀಮ್’ ವಿಳಾಸವಾಗಿ ಸಾರ್ವಜನಿಕ ನೋಟಿಫೈ ಸರ್ವರನ್ನು ಕೊಟ್ಟಿರಬೇಕು. ಆಪಲ್ ತನ್ನ ಪುಶ್ ವ್ಯವಸ್ಥೆಯ ಮೂಲಕ ಮಾತ್ರ ಮಲಗಿದ ಫೋನನ್ನು ಎಬ್ಬಿಸಲು ಬಿಡುತ್ತದೆ, ಅದಕ್ಕೆ ಈ ಸುತ್ತು. ಇದನ್ನು ಮರೆತವರು ‘ಆಂಡ್ರಾಯ್ಡ್‌ಗೆ ಬರುತ್ತೆ, ಐಫೋನ್‌ಗೆ ಗಂಟೆಗಟ್ಟಲೆ ತಡ’ ಅಂತ ತಲೆ ಕೆಡಿಸಿಕೊಳ್ಳುತ್ತಾರೆ.

ನಿಮ್ಮ ಫೋನಿನಲ್ಲಿ ಟೆಲಿಗ್ರಾಂ ಮೊದಲೇ ಇದ್ದರೆ ಅದರ ಬಾಟ್, ಅಂದರೆ ಪ್ರೋಗ್ರಾಂ ನಡೆಸುವ ಖಾತೆ, ಕೂಡ ಒಳ್ಳೆಯ ದಾರಿ. ಬಾಟ್‌ಫಾದರ್ ಎಂಬ ಖಾತೆಗೆ ಸಂದೇಶ ಕಳಿಸಿ ಬಾಟ್ ಮಾಡಿಸಿಕೊಳ್ಳಿ, ಅದು ಟೋಕನ್ ಕೊಡುತ್ತದೆ. ಎಲ್ಲರೂ ಮುಗ್ಗರಿಸುವ ಜಾಗ ಒಂದೇ: ಬಾಟ್ ತಾನಾಗಿ ನಿಮ್ಮ ಜೊತೆ ಮಾತು ಶುರು ಮಾಡಲಾರದು. ಮೊದಲು ನೀವೇ ಅದಕ್ಕೊಂದು ಸಂದೇಶ ಕಳಿಸಬೇಕು. ಗುಂಪಿಗೆ ಕಳಿಸುವುದಾದರೆ ಗುಂಪಿನ ಐಡಿ ಮೈನಸ್ ಗುರುತಿನಿಂದ ಶುರುವಾಗುತ್ತದೆ. ಆ ಮೈನಸ್ ಬಿಟ್ಟು ನಕಲು ಮಾಡಿದರೆ ಏನೂ ಬರುವುದಿಲ್ಲ. ಟೋಕನ್ ಎಲ್ಲಾದರೂ ಸೋರಿದರೆ ಬಾಟ್‌ಫಾದರ್‌ನಲ್ಲೇ ಅದನ್ನು ರದ್ದು ಮಾಡಿ ಹೊಸದು ಪಡೆಯಬಹುದು.

ಹಂತ 3: ಫೋನ್ ನಿದ್ದೆಯಲ್ಲೂ ಕೇಳಿಸಿಕೊಳ್ಳಲಿ

ಈ ಹಂತವನ್ನು ಬಿಟ್ಟುಬಿಡುವವರು ಜಾಸ್ತಿ. ಸರ್ವರ್ ಸರಿಯಾಗಿ ಕೂಗಿರುತ್ತದೆ, ಫೋನ್ ಅದನ್ನು ನುಂಗಿರುತ್ತದೆ.

ಆಂಡ್ರಾಯ್ಡ್ 6ರಿಂದ ‘ಡೋಜ್’ ಎಂಬ ಪದ್ಧತಿ ಇದೆ. ಫೋನ್ ಮುಟ್ಟದೆ ಸ್ವಲ್ಪ ಹೊತ್ತು ಬಿಟ್ಟರೆ ಹಿನ್ನೆಲೆಯ ಆ್ಯಪ್‌ಗಳ ಕೆಲಸವನ್ನು ಅದು ತಡೆಹಿಡಿಯುತ್ತದೆ. ಬ್ಯಾಟರಿ ಉಳಿಯುತ್ತದೆ, ಸುದ್ದಿ ತಡವಾಗುತ್ತದೆ. ಫೋನಿನ ಸೆಟ್ಟಿಂಗ್ಸ್‌ಗೆ ಹೋಗಿ ನೋಟಿಫೈ ಆ್ಯಪ್‌ನ ಬ್ಯಾಟರಿ ವಿಭಾಗದಲ್ಲಿ ‘ಅನ್‌ರಿಸ್ಟ್ರಿಕ್ಟೆಡ್’ ಆರಿಸಿ. ಕೆಲವು ಕಂಪನಿಗಳ ಫೋನ್‌ಗಳಲ್ಲಿ ‘ಆಟೋಸ್ಟಾರ್ಟ್’ ಎಂಬ ಬೇರೆ ಅನುಮತಿಯೂ ಇರುತ್ತದೆ, ಅದನ್ನೂ ಕೊಡಿ. ನೋಟಿಫೈ ಆ್ಯಪ್ ಒಳಗೆ ‘ಇನ್‌ಸ್ಟಂಟ್ ಡೆಲಿವರಿ’ ಇದೆ, ಎಬ್ಬಿಸುವ ಟಾಪಿಕ್‌ಗೆ ಆನ್ ಮಾಡಿ. ಆಗ ಒಂದು ಪುಟ್ಟ ನೋಟಿಫಿಕೇಶನ್ ಯಾವಾಗಲೂ ಮೇಲೆ ಕೂತಿರುತ್ತದೆ. ಅದನ್ನು ನೋಡಿ ಕಿರಿಕಿರಿ ಪಡಬೇಡಿ, ಆ್ಯಪ್ ಎಚ್ಚರವಾಗಿದೆ ಅನ್ನುವ ಗುರುತು ಅದು.

ಮುಂದಿನದು ಪ್ರಾಮುಖ್ಯತೆ. ನೋಟಿಫೈಯಲ್ಲಿ 1ರಿಂದ 5ರವರೆಗೆ ಮಟ್ಟಗಳಿವೆ. 3 ಸಾಮಾನ್ಯ, 5 ಅತಿ ತುರ್ತು. ಆಂಡ್ರಾಯ್ಡ್‌ನಲ್ಲಿ ಪ್ರತಿ ಮಟ್ಟಕ್ಕೂ ಬೇರೆ ನೋಟಿಫಿಕೇಶನ್ ಚಾನೆಲ್ ಇರುತ್ತದೆ. 5ನೆಯ ಮಟ್ಟದ ಚಾನೆಲ್‌ಗೆ ಮಾತ್ರ ‘ಡು ನಾಟ್ ಡಿಸ್ಟರ್ಬ್ ಮೀರಲು ಬಿಡು’ ಅಂತ ಅನುಮತಿ ಕೊಡಿ, ದೊಡ್ಡ ದನಿ ಇಡಿ. ಆ್ಯಪ್‌ನಲ್ಲೇ ಇನ್ನೊಂದು ಆಯ್ಕೆ ಇದೆ: ಅತಿ ತುರ್ತು ಸಂದೇಶವನ್ನು ನೀವು ಸರಿಸುವವರೆಗೆ ಬಾರಿಸುತ್ತಲೇ ಇರುವುದು. ಗಾಢ ನಿದ್ದೆಯವರಿಗೆ ಅದು ಬೇಕೇ ಬೇಕು.

ಐಫೋನ್‌ನಲ್ಲಿ ಫೋಕಸ್ ಸೆಟ್ಟಿಂಗ್‌ಗೆ ಹೋಗಿ ಈ ಆ್ಯಪ್‌ಗೆ ಅನುಮತಿ ಕೊಡಿ. ಸೈಲೆಂಟ್ ಇದ್ದರೂ ಕೂಗಲೇಬೇಕು ಅನ್ನುವ ಮಟ್ಟದ ಅಗತ್ಯವಿದ್ದರೆ ಪುಶ್‌ಓವರ್ ಎಂಬ ಪಾವತಿ ಆ್ಯಪ್ ನೋಡಿ. ಆಪಲ್‌ನ ‘ಕ್ರಿಟಿಕಲ್ ಅಲರ್ಟ್’ ಅದಕ್ಕೆ ಸಿಗುತ್ತದೆ. ಅದರ ತುರ್ತು ಮಟ್ಟದಲ್ಲಿ ನೀವು ‘ನೋಡಿದೆ’ ಅಂತ ಒತ್ತುವವರೆಗೆ ಸಂದೇಶ ಮತ್ತೆ ಮತ್ತೆ ಬರುತ್ತದೆ. ಎರಡು ಸಂದೇಶಗಳ ನಡುವೆ ಕನಿಷ್ಠ 30 ಸೆಕೆಂಡ್, ಒಟ್ಟು ಗರಿಷ್ಠ 3 ಗಂಟೆ.

ಹಂತ 4: ಅಪ್‌ಟೈಮ್ ಕುಮಾ ನಿಲ್ಲಿಸಿ

ಅದರ ಅಧಿಕೃತ ಪುಟದಲ್ಲಿರುವ ಡಾಕರ್ ಕಂಪೋಸ್ ಫೈಲನ್ನೇ (ಕಂಟೇನರ್ ಹೇಗೆ ಓಡಬೇಕು ಅಂತ ಬರೆದಿಡುವ ಫೈಲ್) ನಕಲು ಮಾಡಿ, ಹಳೆಯ ವಿಡಿಯೊಗಳಲ್ಲಿ ಬಂದದ್ದನ್ನಲ್ಲ. ಅದರಲ್ಲಿ ನೀವು ಕಣ್ಣಿಡಬೇಕಾದ್ದು ಮೂರು ಸಾಲು. ಪೋರ್ಟ್ 3001: ಬ್ರೌಸರ್‌ನಲ್ಲಿ ಕುಮಾ ತೆರೆಯುವ ಬಾಗಿಲ ಸಂಖ್ಯೆ ಇದು. ಡೇಟಾ ವಾಲ್ಯೂಮ್: ನಿಮ್ಮ ಸೆಟ್ಟಿಂಗ್‌ಗಳೆಲ್ಲ ಉಳಿಯುವ ಜಾಗ. ಇದನ್ನು ಮರೆತರೆ ಕಂಟೇನರ್ ಅಪ್‌ಡೇಟ್ ಮಾಡಿದ ದಿನ ಎಲ್ಲವೂ ಮಾಯ. ಈ ಜಾಗ ಅದೇ ಯಂತ್ರದ ಡಿಸ್ಕಿನಲ್ಲಿರಲಿ, ಎನ್‌ಎಫ್‌ಎಸ್ ಮೂಲಕ ಜೋಡಿಸಿದ ನೆಟ್‌ವರ್ಕ್ ಡಿಸ್ಕ್ ಬೇಡ. ಕುಮಾ ಸಾಮಾನ್ಯವಾಗಿ ಎಸ್‌ಕ್ಯೂಲೈಟ್ ಡೇಟಾಬೇಸ್ ಬಳಸುತ್ತದೆ, ಅಲ್ಲಿ ಅದು ಕೆಡಬಹುದು. ಮೂರನೆಯದು ರೀಸ್ಟಾರ್ಟ್ ಪಾಲಿಸಿ: ಸರ್ವರ್ ಮರುಚಾಲೂ ಆದಾಗ ಕುಮಾ ತಾನಾಗಿ ಏಳಬೇಕು.

ಓಡಿದ ಕೂಡಲೇ ಬ್ರೌಸರ್‌ನಲ್ಲಿ ತೆರೆದು ಅಡ್ಮಿನ್ ಖಾತೆ ಮಾಡಿ. ‘ಆಮೇಲೆ ನೋಡೋಣ’ ಅನ್ನಬೇಡಿ. ಮೊದಲು ಪುಟ ತೆರೆದವರು ಯಾರೋ ಅವರೇ ಅಡ್ಮಿನ್. ಮನೆಯ ನೆಟ್‌ವರ್ಕ್ ಒಳಗೆ ಅಥವಾ ವಿಪಿಎನ್ (ಹೊರಗಿನಿಂದ ಮನೆಯ ನೆಟ್‌ವರ್ಕ್‌ಗೆ ಬರುವ ಗುಪ್ತ ದಾರಿ) ಮೂಲಕ ಮಾತ್ರ ಈ ಪುಟ ಸಿಗುವಂತೆ ಇಡಿ. ನಿಮ್ಮಲ್ಲಿ ಏನೇನು ಓಡುತ್ತಿದೆ ಅನ್ನುವ ಪೂರ್ತಿ ನಕ್ಷೆ ಇದರಲ್ಲಿರುತ್ತದೆ.

ಈಗ ಸೆಟ್ಟಿಂಗ್ಸ್‌ನ ನೋಟಿಫಿಕೇಶನ್ಸ್‌ಗೆ ಹೋಗಿ ನೋಟಿಫೈ ಆರಿಸಿ, ಟಾಪಿಕ್ ಹೆಸರು ಹಾಕಿ, ಪ್ರಾಮುಖ್ಯತೆ ಕೊಡಿ. ಎಬ್ಬಿಸುವ ಟಾಪಿಕ್‌ಗೆ 5, ಇನ್ನೊಂದಕ್ಕೆ 3. ‘ಟೆಸ್ಟ್’ ಒತ್ತಿ. ಫೋನ್ ಬಾರಿಸಿತೇ? ಬಾರಿಸದಿದ್ದರೆ ಮುಂದೆ ಹೋಗಬೇಡಿ. ಟಾಪಿಕ್‌ನಲ್ಲಿ ಒಂದು ಅಕ್ಷರ ತಪ್ಪಿದ್ದರೂ ಎರರ್ ಬರುವುದಿಲ್ಲ. ಸಂದೇಶ ಇನ್ನೊಂದು ಹೆಸರಿನ ವಾಹಿನಿಗೆ ಹೋಗಿ ಬೀಳುತ್ತದೆ, ಅಷ್ಟೆ.

ಹಂತ 5: ಒಂದೊಂದೇ ಸರ್ವಿಸ್ ಸೇರಿಸಿ

ಕುಮಾದಲ್ಲಿ ಒಂದು ಕಾವಲಿಗೆ ‘ಮಾನಿಟರ್’ ಅನ್ನುತ್ತಾರೆ. ವೆಬ್ ಪುಟವಿರುವ ಆ್ಯಪ್‌ಗೆ ಎಚ್‌ಟಿಟಿಪಿ ಮಾನಿಟರ್. ವೆಬ್ ಇಲ್ಲದ ಡೇಟಾಬೇಸ್ ಥರದ್ದಕ್ಕೆ ಟಿಸಿಪಿ ಪೋರ್ಟ್ ಮಾನಿಟರ್. ರೂಟರ್, ಪ್ರಿಂಟರ್ ಇಂಥವಕ್ಕೆ ಪಿಂಗ್, ಅಂದರೆ ‘ಇದ್ದೀಯಾ?’ ಅಂತ ಕೂಗಿ ನೋಡುವುದು. ಡಿಎನ್‌ಎಸ್‌ಗೆ ಅದರದೇ ಮಾನಿಟರ್ ಇದೆ.

ಮೊದಲ ಮಾನಿಟರ್ ಹಾಕಿದವರಲ್ಲಿ ಬಹಳ ಜನ ಬೀಳುವ ಗುಂಡಿ ಇದು. ವಿಳಾಸದಲ್ಲಿ ‘ಲೋಕಲ್‌ಹೋಸ್ಟ್’ ಅಂತ ಬರೆಯುತ್ತಾರೆ. ಆ್ಯಪ್ ಚೆನ್ನಾಗಿ ಓಡುತ್ತಿರುತ್ತದೆ, ಕುಮಾ ಮಾತ್ರ ಕೆಂಪು. ಕಾರಣ ಸರಳ. ಕುಮಾ ತನ್ನ ಡಬ್ಬಿಯೊಳಗಿದೆ. ಅದಕ್ಕೆ ಲೋಕಲ್‌ಹೋಸ್ಟ್ ಅಂದರೆ ಆ ಡಬ್ಬಿಯೇ, ನಿಮ್ಮ ಸರ್ವರ್ ಅಲ್ಲ. ಸರ್ವರ್‌ನ ಸ್ಥಳೀಯ ಐಪಿ ವಿಳಾಸ ಹಾಕಿ. ಇಲ್ಲವೇ ಎರಡೂ ಕಂಟೇನರ್‌ಗಳನ್ನು ಒಂದೇ ಡಾಕರ್ ನೆಟ್‌ವರ್ಕ್‌ಗೆ ಸೇರಿಸಿ ಕಂಟೇನರ್ ಹೆಸರನ್ನೇ ಬಳಸಿ.

ಎರಡನೆಯ ಗುಂಡಿ ಇನ್ನೂ ಆಳ, ಏಕೆಂದರೆ ಅದು ಹಸಿರು ತೋರಿಸಿ ಮೋಸ ಮಾಡುತ್ತದೆ. ವೆಬ್ ಪುಟ ಕೇಳಿದಾಗಲೆಲ್ಲ ಸರ್ವರ್ ಒಂದು ಸಂಖ್ಯೆಯನ್ನೂ ಉತ್ತರವಾಗಿ ಕೊಡುತ್ತದೆ. ಕುಮಾ ಸಾಮಾನ್ಯವಾಗಿ 200ರಿಂದ 299ರ ನಡುವಿನ ಉತ್ತರ ಬಂದರೆ ‘ಚೆನ್ನಾಗಿದೆ’ ಅನ್ನುತ್ತದೆ. 502, 503 ಬಂದರೆ ‘ಬಿದ್ದಿದೆ’. ಸರಿ. ಆದರೆ ನಿಮ್ಮ ಆ್ಯಪ್‌ನ ಮುಂದೆ ಲಾಗಿನ್ ಕೇಳುವ ಇನ್ನೊಂದು ಪುಟ ಕೂತಿದ್ದರೆ? ಹಿಂದಿನ ಆ್ಯಪ್ ಸತ್ತಿದ್ದರೂ ಲಾಗಿನ್ ಪುಟ ನಗುತ್ತಾ 200 ಕೊಡುತ್ತದೆ. ಕುಮಾ ಆ ಪುಟದವರೆಗೆ ತಾನಾಗಿ ಹೋಗಿ, ಎಲ್ಲ ಸರಿಯಿದೆ ಅಂತ ವರದಿ ಮಾಡುತ್ತದೆ.

ಇದಕ್ಕೆ ಮದ್ದು ‘ಕೀವರ್ಡ್’ ಮಾನಿಟರ್. ಪುಟದಲ್ಲಿ ಒಂದು ನಿರ್ದಿಷ್ಟ ಪದ ಕಂಡರೆ ಮಾತ್ರ ಅದು ಹಸಿರಾಗುತ್ತದೆ. ದೊಡ್ಡಕ್ಷರ ಸಣ್ಣಕ್ಷರ ಸರಿಯಾಗಿರಬೇಕು. ಆ್ಯಪ್ ಒಳಗೆ ಆರೋಗ್ಯ ಹೇಳಲೆಂದೇ ಇಟ್ಟ ವಿಳಾಸವಿದ್ದರೆ ಇನ್ನೂ ಒಳ್ಳೆಯದು. ಉದಾಹರಣೆಗೆ ಸಿನಿಮಾ ನೋಡಲು ಬಳಸುವ ಜೆಲ್ಲಿಫಿನ್‌ನಲ್ಲಿ ವಿಳಾಸದ ಕೊನೆಗೆ ಓರೆಗೆರೆ ಹಾಕಿ ‘ಹೆಲ್ತ್’ ಅಂತ ಸೇರಿಸಿದರೆ ‘ಹೆಲ್ದಿ’ ಎಂಬ ಪದ ಉತ್ತರವಾಗಿ ಬರುತ್ತದೆ. ನಿಮ್ಮ ಆ್ಯಪ್‌ನ ದಾಖಲೆಯಲ್ಲಿ ‘ಹೆಲ್ತ್ ಚೆಕ್’ ಅಂತ ಹುಡುಕಿ, ಹೆಚ್ಚಿನವುಗಳಲ್ಲಿ ಇಂಥದ್ದೊಂದು ಇರುತ್ತದೆ.

ಮುಖ್ಯವಾದ ಆ್ಯಪ್‌ಗೆ ನಾನು ಎರಡು ಮಾನಿಟರ್ ಹಾಕುತ್ತೇನೆ. ಒಂದು ನೇರ ಐಪಿ ಮತ್ತು ಪೋರ್ಟ್‌ಗೆ, ಇನ್ನೊಂದು ಹೊರಗಿನವರು ಬಳಸುವ ಪೂರ್ತಿ ಹೆಸರಿಗೆ. ಎರಡೂ ಕೆಂಪಾದರೆ ಆ್ಯಪ್ ಬಿದ್ದಿದೆ. ಹೆಸರಿನದು ಮಾತ್ರ ಕೆಂಪಾದರೆ ಪ್ರಾಕ್ಸಿ, ಡಿಎನ್‌ಎಸ್ ಅಥವಾ ಸರ್ಟಿಫಿಕೇಟ್‌ನ (ಈ ವಿಳಾಸ ಅಸಲಿ ಅಂತ ಬ್ರೌಸರ್‌ಗೆ ತೋರಿಸುವ ಗುರುತುಪತ್ರ) ತಂಟೆ. ರಾತ್ರಿ ಎರಡು ಗಂಟೆಗೆ ಎಲ್ಲಿಂದ ಹುಡುಕಬೇಕು ಅನ್ನುವುದು ಇದರಿಂದ ಅರ್ಧ ತಿಳಿದುಬಿಡುತ್ತದೆ.

ಕಂಟೇನರ್ ಓಡುತ್ತಿದೆಯೇ ಅಂತ ನೇರವಾಗಿ ನೋಡುವ ಡಾಕರ್ ಮಾನಿಟರ್ ಕೂಡ ಇದೆ. ಆದರೆ ಅದಕ್ಕೆ ಡಾಕರ್ ಸಾಕೆಟ್‌ನ, ಅಂದರೆ ಡಾಕರ್‌ಗೆ ಆಜ್ಞೆ ಕೊಡುವ ಜಾಗದ, ಬಾಗಿಲು ತೆರೆಯಬೇಕು. ಆ ಸಾಕೆಟ್ ಸಿಕ್ಕಿದವರಿಗೆ ಇಡೀ ಸರ್ವರ್‌ನ ರೂಟ್ ಅಧಿಕಾರ, ಅಂದರೆ ಏನು ಬೇಕಾದರೂ ಮಾಡುವ ಅಧಿಕಾರ, ಸಿಕ್ಕಿದಂತೆಯೇ. ‘ರೀಡ್ ಓನ್ಲಿ’ ಅಂತ ಜೋಡಿಸಿದರೂ ಆ ಅಪಾಯ ಹೋಗುವುದಿಲ್ಲ. ಕಂಟೇನರ್ ಓಡುತ್ತಿದ್ದೂ ಒಳಗಿನ ಆ್ಯಪ್ ಸತ್ತಿರಬಹುದು ಬೇರೆ. ಪುಟದ ಕಡೆಯಿಂದ ನೋಡುವುದೇ ವಾಸಿ.

ಪ್ರತಿ ಮಾನಿಟರ್ ಉಳಿಸುವ ಮೊದಲು ಬಲಗಡೆ ನೋಟಿಫಿಕೇಶನ್ ಸ್ವಿಚ್ ಆನ್ ಆಗಿದೆಯೇ ನೋಡಿ. ನೋಟಿಫಿಕೇಶನ್ ಮಾಡಿಟ್ಟರೆ ಸಾಲದು, ಯಾವ ಮಾನಿಟರ್‌ಗೆ ಯಾವುದು ಅಂತ ಜೋಡಿಸಲೂಬೇಕು. ಟೆಸ್ಟ್ ಸಂದೇಶ ಬಂದಿತ್ತು, ನಿಜವಾಗಿ ಬಿದ್ದಾಗ ಬರಲಿಲ್ಲ ಅನ್ನುವವರ ಕತೆ ಹೆಚ್ಚಾಗಿ ಇದೇ.

ಹಂತ 6: ಸುಳ್ಳು ಕೂಗು ನಿಲ್ಲಿಸಿ

ನೆಟ್‌ವರ್ಕ್ ಒಂದು ಕ್ಷಣ ಮುಗ್ಗರಿಸಿ ಎದ್ದು ನಿಲ್ಲುವುದು ದಿನವೂ ಇದ್ದದ್ದೇ. ಅದಕ್ಕೆಲ್ಲ ಎದ್ದು ಕೂರಬೇಕಾಗಿಲ್ಲ. ಕುಮಾ ತಾನಾಗಿ 60 ಸೆಕೆಂಡಿಗೊಮ್ಮೆ ನೋಡುತ್ತದೆ. ‘ರೀಟ್ರೈಸ್’ ಜಾಗದಲ್ಲಿ ಸೊನ್ನೆ ಇದ್ದರೆ ಮೊದಲ ಸೋಲಿಗೇ ಕೂಗಿಬಿಡುತ್ತದೆ. ಅಲ್ಲಿ 3 ಹಾಕಿ. ಆಗ ಮೊದಲ ಸೋಲಿಗೆ ಹಳದಿಯಾಗಿ, ಇನ್ನೂ ಮೂರು ಸಲ ಬಾಗಿಲು ತಟ್ಟಿ, ಉತ್ತರ ಬರದಿದ್ದರೆ ಮಾತ್ರ ಕೆಂಪಾಗಿ ಸುದ್ದಿ ಕಳಿಸುತ್ತದೆ. ರೀಟ್ರೈ ನಡುವಿನ ಅವಧಿಯೂ 60 ಸೆಕೆಂಡ್ ಇದ್ದರೆ ಬಿದ್ದ ಮೂರು ನಾಲ್ಕು ನಿಮಿಷಕ್ಕೆ ನಿಮಗೆ ತಿಳಿಯುತ್ತದೆ. ಆ್ಯಪ್ ಉತ್ತರ ಕೊಡದೆ ನೇತಾಡಿಸಿದರೆ ಇನ್ನೂ ಸ್ವಲ್ಪ ಜಾಸ್ತಿ. ಮನೆ ಸರ್ವರ್‌ಗೆ ಅದು ಸಾಕು. ಬೇಗ ಬೇಕಾದರೆ ರೀಟ್ರೈ ಅವಧಿಯನ್ನು 20 ಸೆಕೆಂಡಿಗೆ ಇಳಿಸಿ, ರೀಟ್ರೈ ಸಂಖ್ಯೆ ಇಳಿಸಬೇಡಿ.

ಅಲ್ಲೇ ಕೆಳಗೆ ‘ರೀಸೆಂಡ್’ ಆಯ್ಕೆ ಇದೆ. ಬಿದ್ದೇ ಇದ್ದರೆ ಎಷ್ಟು ಸಲಕ್ಕೊಮ್ಮೆ ಮತ್ತೆ ಹೇಳಬೇಕು ಅನ್ನುವುದು ಅದು. ಸೊನ್ನೆ ಇದ್ದರೆ ಒಂದೇ ಸಲ ಹೇಳಿ ಸುಮ್ಮನಾಗುತ್ತದೆ. ಎಬ್ಬಿಸುವ ಗುಂಪಿಗೆ 15 ಹಾಕಿ, ಅಂದರೆ ಸುಮಾರು ಕಾಲು ಗಂಟೆಗೊಮ್ಮೆ ನೆನಪಿಸುತ್ತದೆ. ಇದರಿಂದ ಇನ್ನೊಂದು ಲಾಭ: ಮೊದಲ ಸಂದೇಶ ಯಾವುದೋ ಕಾರಣಕ್ಕೆ ಹೋಗದೆ ಕಳೆದುಹೋಗಿದ್ದರೂ ಮುಂದಿನದು ತಲುಪುತ್ತದೆ.

ರಾತ್ರಿ ತಾನಾಗಿ ಅಪ್‌ಡೇಟ್, ಮರುಚಾಲೂ ಆಗುವ ಹೊತ್ತು ನಿಮಗೆ ಗೊತ್ತಿದ್ದರೆ ಅದನ್ನು ‘ಮೇಂಟೆನೆನ್ಸ್’ನಲ್ಲಿ ಬರೆದಿಡಿ. ಆ ಹೊತ್ತಿನಲ್ಲಿ ಕೂಗುವುದಿಲ್ಲ.

ಹಂತ 7: ಮೌನಕ್ಕೂ ಗಂಟೆ ಕಟ್ಟಿ

ಇಲ್ಲಿಗೆ ಬಂದು ನಿಲ್ಲಿಸುವವರೇ ಜಾಸ್ತಿ. ದಯವಿಟ್ಟು ನಿಲ್ಲಿಸಬೇಡಿ. ಇಡೀ ಲೇಖನದಲ್ಲಿ ಒಂದೇ ಹಂತ ಮಾಡಲು ನಿಮಗೆ ಸಮಯವಿದ್ದರೆ ಇದನ್ನೇ ಮಾಡಿ ಅನ್ನುತ್ತೇನೆ.

ಉಪಾಯ ಹಳೆಯದು. ರೈಲು ಓಡಿಸುವವರು ಒಂದು ಹಿಡಿಯನ್ನೋ ಪೆಡಲನ್ನೋ ಒತ್ತಿ ಹಿಡಿದಿರಬೇಕು, ಕೈ ಕಾಲು ಸಡಿಲವಾದರೆ ರೈಲು ತಾನಾಗಿ ನಿಲ್ಲುತ್ತದೆ. ಇದಕ್ಕೆ ‘ಡೆಡ್ ಮ್ಯಾನ್ಸ್ ಸ್ವಿಚ್’ ಅನ್ನುತ್ತಾರೆ. ನಾವೂ ಅದನ್ನೇ ಮಾಡುತ್ತೇವೆ. ನಿಮ್ಮ ಸರ್ವರ್ ಐದು ನಿಮಿಷಕ್ಕೊಮ್ಮೆ ಹೊರಗಿನ ಒಂದು ಸೇವೆಗೆ ‘ನಾನಿದ್ದೇನೆ’ ಅಂತ ಹೇಳುತ್ತದೆ. ಆ ಮಾತು ನಿಂತರೆ ಹೊರಗಿನ ಸೇವೆಯೇ ನಿಮ್ಮ ಫೋನಿಗೆ ಸುದ್ದಿ ಕೊಡುತ್ತದೆ. ಕರೆಂಟ್ ಹೋಗಲಿ, ಇಂಟರ್ನೆಟ್ ಹೋಗಲಿ, ಡಿಸ್ಕ್ ಸಾಯಲಿ, ಕಾರಣ ಯಾವುದಾದರೂ ಸರಿ, ಮೌನವೇ ಸುದ್ದಿಯಾಗುತ್ತದೆ. ಮಾತು ಒಳಗಿನಿಂದ ಹೊರಗೆ ಹೋಗುವುದರಿಂದ ರೂಟರ್‌ನಲ್ಲಿ ಯಾವ ಬಾಗಿಲನ್ನೂ ತೆರೆಯಬೇಕಾಗಿಲ್ಲ. ಒಂದೇ ಸಾರ್ವಜನಿಕ ಐಪಿಯನ್ನು ಹಲವು ಗ್ರಾಹಕರಿಗೆ ಹಂಚುವ ಸಂಪರ್ಕದಲ್ಲಿದ್ದವರಿಗೂ ಇದು ನಡೆಯುತ್ತದೆ.

ಹೆಲ್ತ್‌ಚೆಕ್ಸ್‌ನಲ್ಲಿ ಖಾತೆ ಮಾಡಿ. ಉಚಿತ ಖಾತೆಯಲ್ಲಿ 20 ತಪಾಸಣೆಗಳವರೆಗೆ ಇಡಬಹುದು. ಹೊಸ ತಪಾಸಣೆ ಮಾಡಿ, ‘ಪೀರಿಯಡ್’ 5 ನಿಮಿಷ, ‘ಗ್ರೇಸ್’ 10 ನಿಮಿಷ ಇಡಿ. ಗ್ರೇಸ್ ಅಂದರೆ ತಡವಾದರೆ ಎಷ್ಟು ಹೊತ್ತು ತಾಳಬೇಕು ಅನ್ನುವುದು. ಕೊನೆಯ ಮಾತು ಕೇಳಿ 15 ನಿಮಿಷಕ್ಕೆ ಅದು ಕೂಗುತ್ತದೆ. ಸಣ್ಣ ಮರುಚಾಲೂ ಇದರಲ್ಲಿ ಆರಾಮಾಗಿ ಮುಗಿದುಹೋಗುತ್ತದೆ. ಇಂಟಿಗ್ರೇಶನ್ಸ್‌ನಲ್ಲಿ ನಿಮ್ಮ ಎಬ್ಬಿಸುವ ಟಾಪಿಕ್ ಜೋಡಿಸಿ. ಜೊತೆಗೆ ಇಮೇಲ್ ಅಥವಾ ಟೆಲಿಗ್ರಾಂ ಕೂಡ ಜೋಡಿಸಿ. ಈ ಒಂದು ಸುದ್ದಿಗೆ ಎರಡು ದಾರಿ ಇರಲಿ.

ತಪಾಸಣೆಗೆ ಒಂದು ವಿಶೇಷ ವಿಳಾಸ ಸಿಗುತ್ತದೆ. ಸರ್ವರ್‌ನಲ್ಲಿ ಕ್ರಾನ್ ಮೂಲಕ ಅದನ್ನು ತಟ್ಟಿಸಬೇಕು. ಕ್ರಾನ್ ಅಂದರೆ ಹೇಳಿದ ಹೊತ್ತಿಗೆ ಹೇಳಿದ ಕೆಲಸ ಮಾಡುವ ಲಿನಕ್ಸ್ ಸೇವೆ. ಐದು ನಿಮಿಷಕ್ಕೊಮ್ಮೆ ಅನ್ನುವುದಕ್ಕೆ ಬರೆಯುವ ರೀತಿ ಹೀಗೆ: */5 * * * *. ಅದರ ಮುಂದೆ ಕರ್ಲ್ ಆಜ್ಞೆ, ಅಂದರೆ ವಿಳಾಸವೊಂದನ್ನು ಟರ್ಮಿನಲ್‌ನಿಂದ ತೆರೆಯುವ ಆಜ್ಞೆ.

ಬರೀ ಇಷ್ಟೇ ಮಾಡಿದರೆ ಸರ್ವರ್ ಉಸಿರಾಡುತ್ತಿದೆ ಅಂತ ಮಾತ್ರ ತಿಳಿಯುತ್ತದೆ, ಕುಮಾ ಸತ್ತಿದ್ದರೆ ತಿಳಿಯುವುದಿಲ್ಲ. ಆದ್ದರಿಂದ ಎರಡು ಕರ್ಲ್ ಬರೆಯಿರಿ. ಮೊದಲನೆಯದು ಕುಮಾದ 3001 ಪೋರ್ಟನ್ನು ತಟ್ಟಲಿ, ಎರಡನೆಯದು ಹೆಲ್ತ್‌ಚೆಕ್ಸ್ ವಿಳಾಸವನ್ನು. ನಡುವೆ && ಹಾಕಿ. ಆಗ ಮೊದಲನೆಯದು ಗೆದ್ದರೆ ಮಾತ್ರ ಎರಡನೆಯದು ಓಡುತ್ತದೆ. ಅಲ್ಲಿ ಅರ್ಧವಿರಾಮದ (;) ಗುರುತು ಹಾಕಿದರೆ ಮೊದಲನೆಯದು ಸೋತರೂ ಎರಡನೆಯದು ಓಡಿಬಿಡುತ್ತದೆ, ಕಾವಲು ವ್ಯರ್ಥ. ಕರ್ಲ್‌ಗೆ ‘ಫೇಲ್’ ಆಯ್ಕೆಯನ್ನೂ ಕೊಡಬೇಕು. ಇಲ್ಲದಿದ್ದರೆ 502 ಪುಟ ಬಂದರೂ ಅದು ಗೆದ್ದೆ ಅಂತಲೇ ಹೇಳುತ್ತದೆ. 10 ಸೆಕೆಂಡಿನ ಟೈಮ್‌ಔಟ್ ಕೊಡುವುದನ್ನೂ ಮರೆಯಬೇಡಿ.

ಕೈಯಲ್ಲಿ ಓಡಿಸಿದಾಗ ನಡೆದದ್ದು ಕ್ರಾನ್‌ನಲ್ಲಿ ನಡೆಯದಿದ್ದರೆ ಆಜ್ಞೆಯ ಪೂರ್ತಿ ದಾರಿ ಬರೆದು ನೋಡಿ. ಕ್ರಾನ್‌ಗೆ ನಿಮ್ಮ ಟರ್ಮಿನಲ್‌ನಷ್ಟು ದಾರಿಗಳು ಗೊತ್ತಿರುವುದಿಲ್ಲ.

ಹಂತ 8: ಸದ್ದಿಲ್ಲದೆ ಕೆಡುವವು

ಕೆಲವು ತೊಂದರೆಗಳಲ್ಲಿ ಯಾವುದೂ ಬೀಳುವುದಿಲ್ಲ. ನನ್ನ ಸರ್ವರ್‌ನಲ್ಲಿ ಒಮ್ಮೆ ಡಿಸ್ಕ್ ತುಂಬಿ ಬ್ಯಾಕಪ್ ನಿಂತಿತ್ತು, ಮಾನಿಟರ್‌ಗಳೆಲ್ಲ ಹಸಿರಾಗಿದ್ದವು. ಅವತ್ತಿನಿಂದ ಈ ಮೂರನ್ನು ಬಿಟ್ಟಿಲ್ಲ.

ಬ್ಯಾಕಪ್: ಹೆಲ್ತ್‌ಚೆಕ್ಸ್‌ನಲ್ಲಿ ಇನ್ನೊಂದು ತಪಾಸಣೆ ಮಾಡಿ, ಪೀರಿಯಡ್ ಒಂದು ದಿನ, ಗ್ರೇಸ್ ಎರಡು ಗಂಟೆ. ಬ್ಯಾಕಪ್ ಸ್ಕ್ರಿಪ್ಟ್‌ನ ಕೊನೆಯಲ್ಲಿ, ಮತ್ತೆ && ಹಾಕಿ, ಅದರ ವಿಳಾಸ ತಟ್ಟಿಸಿ. ಶುರುವಿನಲ್ಲಿ ‘ಸ್ಟಾರ್ಟ್’ ವಿಳಾಸ ತಟ್ಟಿಸಿದರೆ ಎಷ್ಟು ಹೊತ್ತು ಓಡಿತು ಅನ್ನುವುದೂ ದಾಖಲಾಗುತ್ತದೆ. ದಿನವೂ 40 ನಿಮಿಷ ಓಡುತ್ತಿದ್ದ ಬ್ಯಾಕಪ್ ಇವತ್ತು 4 ಸೆಕೆಂಡಿನಲ್ಲಿ ‘ಗೆದ್ದರೆ’ ಏನೋ ತಪ್ಪಿದೆ ಅಂತ ಅಲ್ಲೇ ಕಾಣುತ್ತದೆ. ಡಿಸ್ಕ್ ಜೋಡಣೆ ಕಳಚಿ ಖಾಲಿ ಫೋಲ್ಡರನ್ನು ಬ್ಯಾಕಪ್ ಮಾಡಿದಾಗ ಹೀಗೇ ಆಗುತ್ತದೆ.

ಡಿಸ್ಕ್: ಕುಮಾದಲ್ಲಿ ‘ಪುಶ್’ ಮಾನಿಟರ್ ಮಾಡಿ. ಅದು ತಾನಾಗಿ ಎಲ್ಲಿಗೂ ಹೋಗಿ ನೋಡುವುದಿಲ್ಲ, ನೀವು ಬಂದು ಹೇಳಲಿ ಅಂತ ಕಾಯುತ್ತದೆ. ಗಂಟೆಗೊಮ್ಮೆ ಓಡುವ ಪುಟ್ಟ ಸ್ಕ್ರಿಪ್ಟ್ ಡಿಸ್ಕ್ ನೋಡಲಿ, ಶೇಕಡಾ 85ಕ್ಕಿಂತ ಕಡಿಮೆ ತುಂಬಿದ್ದರೆ ಮಾತ್ರ ವಿಳಾಸ ತಟ್ಟಲಿ. ಮಾನಿಟರ್‌ನ ಅವಧಿಯನ್ನು ಒಂದು ಗಂಟೆಗಿಂತ ಸ್ವಲ್ಪ ಜಾಸ್ತಿ, 4000 ಸೆಕೆಂಡ್ ಇಡಿ. ಸರಿಯಾಗಿ 3600 ಇಟ್ಟರೆ ಸ್ಕ್ರಿಪ್ಟ್ ಒಂದೆರಡು ಸೆಕೆಂಡ್ ತಡವಾದಾಗಲೆಲ್ಲ ಸುಳ್ಳು ಕೂಗು.

ಸರ್ಟಿಫಿಕೇಟ್: ಉಚಿತವಾಗಿ ಸರ್ಟಿಫಿಕೇಟ್ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯ ಸಾಮಾನ್ಯ ಸರ್ಟಿಫಿಕೇಟ್ 90 ದಿನಗಳದ್ದು. ಅವಧಿ ಮುಗಿಯುವ ಮೊದಲು ಅವರು ಇಮೇಲ್ ಕಳಿಸುತ್ತಿದ್ದರು, 2025ರ ಜೂನ್‌ನಿಂದ ಅದನ್ನು ನಿಲ್ಲಿಸಿದ್ದಾರೆ. ಆ ಇಮೇಲ್ ನಂಬಿ ಕೂತವರು ಈಗಲೇ ಬದಲಾಯಿಸಿಕೊಳ್ಳಿ. ಕುಮಾದ ಎಚ್‌ಟಿಟಿಪಿ ಮಾನಿಟರ್‌ನಲ್ಲಿ ಸರ್ಟಿಫಿಕೇಟ್ ಅವಧಿಯ ಪೆಟ್ಟಿಗೆಗೆ ಗುರುತು ಹಾಕಿದರೆ 21, 14, 7 ದಿನ ಉಳಿದಾಗ ಹೇಳುತ್ತದೆ. ಇದು ‘ಬೆಳಿಗ್ಗೆ ಹೇಳು’ ಟಾಪಿಕ್‌ಗೆ ಹೋಗಲಿ.

ಹಂತ 9: ಬೇಕಂತಲೇ ಬೀಳಿಸಿ ನೋಡಿ

ಟೆಸ್ಟ್ ಬಟನ್ ಒತ್ತಿದ್ದು ಪರೀಕ್ಷೆಯಲ್ಲ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವುದಕ್ಕಿಂತ ಇವತ್ತೇ ನೀವೇ ಕೊಳ್ಳೆಗಾರರಾಗಿ ಬನ್ನಿ.

ಫೋನಿನ ವೈಫೈ ಆಫ್ ಮಾಡಿ, ಮೊಬೈಲ್ ಡೇಟಾದಲ್ಲಿರಿ. ಒಂದು ಕಂಟೇನರ್ ನಿಲ್ಲಿಸಿ, ಗಡಿಯಾರ ನೋಡಿಕೊಳ್ಳಿ. ನಾಲ್ಕೈದು ನಿಮಿಷದಲ್ಲಿ ಸುದ್ದಿ ಬರಬೇಕು. ಮತ್ತೆ ಓಡಿಸಿ, ಎದ್ದ ಸುದ್ದಿಯೂ ಬರಬೇಕು.

ಆಮೇಲೆ ಸರ್ವರ್‌ನ ನೆಟ್‌ವರ್ಕ್ ಕೇಬಲ್ ಕಿತ್ತು ಕೂತಿರಿ. 15 ನಿಮಿಷ ಕಾಯಬೇಕು, ಬೇಸರ ಆಗುತ್ತದೆ, ಆದರೂ ಕಾಯಿರಿ. ಈ ಸುದ್ದಿ ಹೆಲ್ತ್‌ಚೆಕ್ಸ್‌ನಿಂದ ಬರಬೇಕು. ಬರದಿದ್ದರೆ 7ನೆಯ ಹಂತದ ಇಂಟಿಗ್ರೇಶನ್ ಆ ತಪಾಸಣೆಗೆ ಜೋಡಿಸಿಲ್ಲ ಅಂತ ಲೆಕ್ಕ.

ಮೂರನೆಯದು ರಾತ್ರಿಯದು. ಡು ನಾಟ್ ಡಿಸ್ಟರ್ಬ್ ಹಾಕಿ, ಫೋನನ್ನು ಚಾರ್ಜರ್‌ಗೆ ಸಿಗಿಸದೆ ಒಂದು ಗಂಟೆ ಮುಟ್ಟದೆ ಬಿಡಿ. ಮನೆಯವರಲ್ಲಿ ಒಬ್ಬರಿಗೆ ಹೇಳಿ, ಅವರಿಗೆ ತೋಚಿದ ಹೊತ್ತಿನಲ್ಲಿ ‘ಎಬ್ಬಿಸು’ ಗುಂಪಿನ ಒಂದು ಸರ್ವಿಸ್ ನಿಲ್ಲಿಸಲಿ. ಫೋನ್ ತಾನಾಗಿ ಬಾರಿಸಿದರೆ ಸರಿ. ನೀವು ಎತ್ತಿ ಪರದೆ ಬೆಳಗಿಸಿದ ಮೇಲೆ ಸಂದೇಶ ಬಂದರೆ ಡೋಜ್ ಅದನ್ನು ಹಿಡಿದಿಟ್ಟಿತ್ತು ಎಂದರ್ಥ, 3ನೆಯ ಹಂತಕ್ಕೆ ವಾಪಸ್ ಹೋಗಿ. ಫೋನಿನ ಸಾಫ್ಟ್‌ವೇರ್ ಅಪ್‌ಡೇಟ್ ಆದಾಗ, ಹೊಸ ಫೋನ್ ತಗೊಂಡಾಗ ಈ ಮೂರನೆಯ ಪರೀಕ್ಷೆಯನ್ನು ಮತ್ತೆ ಮಾಡಿ. ಬ್ಯಾಟರಿ ಅನುಮತಿ ಹಳೆಯ ಸ್ಥಿತಿಗೆ ಹೋಗಿರಬಹುದು, ಅದನ್ನು ಯಾರೂ ನಿಮಗೆ ಹೇಳುವುದಿಲ್ಲ.